ಸ್ಕಾಟ್‌ಲೆಂಡಿನ ಮೇಲಿನಮನೆ, ಸಂಸೆಯ ಅಡಿಕೆ

ಆಲ್ದೂರು

ಕಾಫಿಗೆ ನಾವು ಕನಸಲ್ಲೂ ಎಣಿಸದ ರೇಟು ಬಂದ ಆ ವರ್ಷ ನಮ್ಮ ಕಡೆಯ ಒಬ್ಬೊಬ್ಬರೂ ಒಂದೊಂದು ಹುಚ್ಚಾಟ ಮಾಡಿದರು. ಕೆಲವರು ಜೀಪು ಕೊಂಡರು. ಕೆಲವರು ಚೆನ್ನಾಗಿದ್ದ ಹೆಂಚಿನ ಮಾಡು ಕಿತ್ತು ತಾರಸಿ ಹಾಕಿಸಿ, ಮುಂದಿನ ಮಳೆಗಾಲವಿಡೀ ಸೋರುವ ಕಡೆಗೆಲ್ಲ ಪಾತ್ರೆ ಇಡುತ್ತ ಕಳೆದರು. ನಾನು ಸ್ಕಾಟ್‌ಲೆಂಡಿಗೆ ಹೋಗಿಬಂದೆ. ಇವತ್ತಿಗೂ ನಮ್ಮೂರು ಸಂಸೆಯ ಮದುವೆ ಮನೆಗಳಲ್ಲಿ ಆ ವರ್ಷದ ಮಾತು ಬಂದರೆ ಜೀಪಿನವರನ್ನು ಬಿಟ್ಟು ನನ್ನನ್ನೇ ನೋಡಿ ನಗುತ್ತಾರೆ. ನಗಲಿ. ಆ ಜೀಪುಗಳೆಲ್ಲ ಗುಜರಿಗೆ ಹೋದವು, ನನ್ನ ಪ್ರವಾಸ ಇನ್ನೂ ಗಟ್ಟಿಮುಟ್ಟಾಗಿದೆ.

ಹೋಗಲು ಕಾರಣ ಮಾರ್ಗರೆಟ್. ಅದಕ್ಕೆ ಒಂದೆರಡು ವರ್ಷ ಹಿಂದೆ ಕುದುರೆಮುಖ ಹತ್ತಲು ಒಬ್ಬಳೇ ಬಂದಿದ್ದ ಈ ಶಾಲಾ ಟೀಚರು ಇಳಿಯುವಾಗ ಕಾಲು ಉಳುಕಿಸಿಕೊಂಡು, ಕುಂಟುತ್ತ ಬಂದು ನಮ್ಮ ಕಾಫಿ ಕಣದ ಅಂಚಿನಲ್ಲಿ ಕೂತುಬಿಟ್ಟಿದ್ದಳು. ನನ್ನ ವಯಸ್ಸಿನವಳೇ. ಕಾಲು ಸರಿಯಾಗುವ ತನಕ ನಮ್ಮಲ್ಲೇ ಉಳಿದಳು. ಎಣ್ಣೆ ಹಚ್ಚಿ, ನೀವಿ, ಉಳುಕು ತೆಗೆದವರು ಆಗ ನಮ್ಮಲ್ಲಿಗೆ ಬಂದಿದ್ದ ನನ್ನ ಯಜಮಾನರ ಅಕ್ಕ ಗಿರಿಜಕ್ಕ. ಅತ್ತಿಗೆ ಕಾಲು ಹಿಡಿದು ಎಳೆದಾಗ ಮಾರ್ಗರೆಟ್ ಕೂಗಿದ ಕೂಗಿಗೆ ಕೆಲಸದವರೆಲ್ಲ ಕುಕ್ಕೆ ಇಳಿಸಿ ಓಡಿ ಬಂದಿದ್ದರು. ಮರುದಿನ ನೆಲಕ್ಕೆ ಕಾಲೂರಿದ ಮಾರ್ಗರೆಟ್, ನೀವಿಬ್ಬರೂ ನನ್ನ ಊರಿಗೆ ಬರಲೇಬೇಕು ಎಂದು ಹಟ ಹಿಡಿದಳು. ಹೊರಡುವಾಗ ಎಲ್ಲರೂ ಹೀಗೆ ಹೇಳುತ್ತಾರೆ. ಇವಳು ಊರಿಗೆ ಹೋದ ಮೇಲೂ ಬಿಡಲಿಲ್ಲ.

ನಾವು ಹೊರಟದ್ದು ಆಗಸ್ಟಿನಲ್ಲಿ. ತೋಟದ ಕೆಲಸ ಕಡಿಮೆ ಎನ್ನುವುದು ಹೊರಗೆ ಹೇಳಿಕೊಂಡ ಕಾರಣ. ಒಂದು ವರ್ಷವಾದರೂ ಮಳೆಯಿಂದ ತಪ್ಪಿಸಿಕೊಳ್ಳೋಣ ಎನ್ನುವುದು ನಿಜವಾದ ಕಾರಣ. ಅಲ್ಲಿ ಆಗ ಬೇಸಿಗೆಯಂತೆ, ಪುಸ್ತಕದಲ್ಲಿ ಓದಿದ್ದೆ.

ಅತ್ತಿಗೆಯ ಮನೆ ಆಲ್ದೂರಿನಲ್ಲಿ. ಭಾವನವರದು ಗೊಬ್ಬರದ ಅಂಗಡಿ. ನಾನು ಸಂಸೆಯಿಂದ ಬಸ್ಸಿನಲ್ಲಿ ಹೋಗಿ ಇಳಿದಾಗ ಗಿರಿಜಕ್ಕನ ಪೆಟ್ಟಿಗೆ ಯೂರಿಯಾ ತೂಗುವ ತಕ್ಕಡಿಯ ಮೇಲೆ ಕೂತಿತ್ತು. ವಿಮಾನದವರು ಬಿಡುವ ತೂಕಕ್ಕಿಂತ ಎಷ್ಟೋ ಜಾಸ್ತಿ. ಪೆಟ್ಟಿಗೆ ತೆಗೆದು ನೋಡಿದರೆ ಕಾಫಿಪುಡಿ, ಫಿಲ್ಟರು, ಅಕ್ಕಿಹಿಟ್ಟು, ಬೆಲ್ಲ, ಮಿಡಿ ಉಪ್ಪಿನಕಾಯಿ, ಹೊರನಾಡಿನ ಕುಂಕುಮ, ಅಡಕತ್ತರಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ, ಮತ್ತು ಒಂದು ಕುಟುಂಬ ವರ್ಷವಿಡೀ ಅಗಿಯುವಷ್ಟು ಅಡಿಕೆ. ಎಲ್ಲಕ್ಕೂ ಮೇಲೆ ಒಂದು ಕರಿಕಂಬಳಿಯ ಕೊಪ್ಪೆ, ನಮ್ಮ ಹೆಂಗಸರು ಮಳೆಗೆ ತಲೆಯಿಂದ ಮೊಣಕಾಲ ತನಕ ಹೊದ್ದುಕೊಳ್ಳುವಂಥದ್ದು.

"ಅತ್ತಿಗೆ, ಅಲ್ಲಿ ಬೇಸಿಗೆ. ಕೊಪ್ಪೆ ಎಂತಕ್ಕೆ?" ಎಂದೆ.

"ಬೇಸಿಗೆ ಅಂತ ನಿಂಗೆ ಯಾರು ಬರ್ಕೊಟ್ಟಿದ್ದಾರೆ ವಿಮಲಾ? ಬೇಕಾರೆ ಎರಡು ಸೀರೆ ತೆಗೀತೇನೆ," ಎಂದರು. ತೆಗೆದರು ಕೂಡ. ಅಡಿಕೆಗೆ ಕೈ ಹಚ್ಚಲಿಲ್ಲ.

ಲಂಡನ್

ಲಂಡನ್ನಿನ ಬಗ್ಗೆ ಹೇಳಲು ನನ್ನ ಹತ್ತಿರ ಹೆಚ್ಚೇನೂ ಇಲ್ಲ. ವಿಮಾನ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ, ರೈಲು ನಿಲ್ದಾಣದಿಂದ ರೈಲಿಗೆ, ಇಷ್ಟೇ ನಾವು ಕಂಡದ್ದು. ನೋಡಬೇಕಾದ್ದನ್ನೆಲ್ಲ ಬಿಟ್ಟು ಬಂದಿರಿ ಎಂದು ಬೈಯುವವರು ಬೈಯಬಹುದು.

ಆದರೆ ಅಲ್ಲಿನ ಒಬ್ಬ ಅಧಿಕಾರಿಯನ್ನು ಮರೆತಿಲ್ಲ. ಆತ ಅತ್ತಿಗೆಯ ಪೆಟ್ಟಿಗೆ ಬಿಚ್ಚಿಸಿ, ಒಂದು ಅಡಿಕೆ ಎತ್ತಿ, ದೀಪಕ್ಕೆ ಹಿಡಿದು ನೋಡಿದ. ಮೂಸಿದ. ಮೇಜಿಗೆ ಕುಟ್ಟಿದ. ಇದೇನು ಎಂದು ಕೇಳಿದ. ಊಟವಾದ ಮೇಲೆ ತಿನ್ನುವುದು ಎಂದೆ. ಇಷ್ಟು ಗಟ್ಟಿ ಇರುವುದನ್ನು ಹೇಗೆ ತಿನ್ನುತ್ತೀರಿ ಎಂದ. ನಾನು ಉತ್ತರ ಹುಡುಕುವುದರೊಳಗೆ ಗಿರಿಜಕ್ಕ ಅಡಕತ್ತರಿ ಕೈಗೆತ್ತಿಕೊಂಡರು. ಆ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ಕಂಡೆ. ಕಟಕಟ ಎಂದು ಹೋಳು ಮಾಡಿ, ಒಂದನ್ನು ತಾವು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಅವನ ಮುಂದೆ ಹಿಡಿದರು. ಆತ ಬೇಡವೆಂದು ತಲೆಯಾಡಿಸಿ, ಪೆಟ್ಟಿಗೆ ಮುಚ್ಚಿಕೊಂಡು ಹೋಗಿ ಎಂದು ಕೈ ತೋರಿಸಿದ. ಕೊಟ್ಟದ್ದನ್ನು ಸರಕಾರಿ ಕೆಲಸದವನೊಬ್ಬ ಬೇಡ ಎಂದ ಸಂಗತಿಯನ್ನು ಅತ್ತಿಗೆ ಮುಂದೆ ಆಲ್ದೂರಿನಲ್ಲಿ ಎಷ್ಟೋ ಜನಕ್ಕೆ ಹೇಳಿದ್ದಾರೆ. ನಂಬಿದವರು ಕಡಿಮೆ.

ರೈಲಿನಲ್ಲಿ ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. ಎದುರು ಕೂತವರು ಪತ್ರಿಕೆಯ ಹಿಂದೆ ಅಡಗಿಕೊಳ್ಳುತ್ತಾರೆ. ನಮ್ಮ ಕಳಸದ ಬಸ್ಸಿನಲ್ಲಾದರೆ ಕೊಟ್ಟಿಗೆಹಾರ ಬರುವುದರೊಳಗೆ ಪಕ್ಕದವರ ಮಗಳ ಜಾತಕದ ತನಕ ತಿಳಿದುಹೋಗಿರುತ್ತದೆ. "ಪಾಪ, ಇವರಿಗೆಲ್ಲ ಮನೇಲಿ ಎಂತದೋ ಆಗಿರ್ಬೇಕು," ಎಂದು ಗಿರಿಜಕ್ಕ ಇಡೀ ಬೋಗಿಗೆ ಮರುಗಿದರು.

ಮಾರ್ಗರೆಟ್‌ಳ ಊರು

ರೈಲಿಳಿದು ಬಸ್ಸು ಹತ್ತಿದೆವು. ಆ ಬಸ್ಸಿನಲ್ಲಿ ಒಂದು ರೂಢಿ ಕಂಡೆ. ಇಳಿಯುವವರೆಲ್ಲ ಡ್ರೈವರಿಗೆ ಉಪಕಾರ ಹೇಳಿಯೇ ಇಳಿಯುತ್ತಾರೆ. ಅವನೂ ಪ್ರತಿಯೊಬ್ಬರಿಗೂ ಏನೋ ಒಂದು ಹೇಳುತ್ತಾನೆ. ಅತ್ತಿಗೆಗೆ ಇದು ಬಹಳ ಹಿಡಿಸಿತು. ನಮ್ಮ ಸರದಿ ಬಂದಾಗ ಅವನ ಹತ್ತಿರ ನಿಂತು, "ಜೋಪಾನವಾಗಿ ಕರ್ಕೊಂಡು ಬಂದೆ, ದೇವರು ಒಳ್ಳೇದು ಮಾಡ್ಲಿ," ಎಂದು ಕನ್ನಡದಲ್ಲೇ ಹರಸಿದರು. ಅವನು ಟೋಪಿ ಮುಟ್ಟಿ ತಲೆ ಬಾಗಿಸಿದ.

ಇಳಿದ ಕೂಡಲೇ ಮಳೆ ಹಿಡಿಯಿತು. ಗಿರಿಜಕ್ಕ ಪೆಟ್ಟಿಗೆ ಬಿಚ್ಚಿ ಕೊಪ್ಪೆ ಹೊದ್ದರು. ನಾನು ನೆನೆದೆ. ಮಾರ್ಗರೆಟ್ ಛತ್ರಿ ಹಿಡಿದು ಓಡಿ ಬಂದು ಇಬ್ಬರನ್ನೂ ತಬ್ಬಿಕೊಂಡಳು. ಇಂಥ ಕೆಟ್ಟ ಮಳೆಯಲ್ಲಿ ಬರುವ ಹಾಗಾಯಿತಲ್ಲ ಎಂದು ಪೇಚಾಡಿದಳು. ಅದು ಮಳೆಯೇ ಅಲ್ಲ. ನಮ್ಮಲ್ಲಿ ಅಂಥದ್ದು ಬಿದ್ದರೆ ಬಟ್ಟೆ ಒಣಹಾಕಬಹುದು ಎನ್ನುತ್ತೇವೆ.

ಊರೆಂದರೆ ಒಂದು ಅಂಗಡಿ, ಅದರೊಳಗೇ ಅಂಚೆ ಕಚೇರಿ, ಒಂದು ಇಗರ್ಜಿ, ಮಾರ್ಗರೆಟ್‌ಳ ಶಾಲೆ. ಸುತ್ತ ಗುಡ್ಡಗಳು. ನಮ್ಮ ಕುದುರೆಮುಖದ ಕಡೆಯ ಬೋಳುಗುಡ್ಡಗಳನ್ನೇ ತಂದಿಟ್ಟ ಹಾಗಿತ್ತು, ಕಣಿವೆಯಲ್ಲಿ ಶೋಲಾ ಕಾಡು ಮಾತ್ರ ಇರಲಿಲ್ಲ. ಕುರಿಗಳು ಬೇಕಾದಷ್ಟಿದ್ದವು. ನಮ್ಮ ಕಡೆಯ ರಕ್ತ ಹೀರುವ ಉಂಬಳ ಇಲ್ಲವೆಂದು ಖುಷಿಪಡುವಷ್ಟರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೊರಜುಗಳು ಬಂದು ಮುಖವೆಲ್ಲ ಕಚ್ಚಿದವು. ಉಂಬಳವೇ ವಾಸಿ, ಕಚ್ಚುವಾಗ ಗೊತ್ತಾಗುವುದಿಲ್ಲ.

ನಮ್ಮನ್ನು ಆ ವಾರವೇ ಬರಹೇಳಿದ್ದಕ್ಕೆ ಒಂದು ಕಾರಣವಿತ್ತು. ಅಡುಗೆಮನೆಯ ಕಿಟಕಿಯಿಂದ ಮಾರ್ಗರೆಟ್ ಬೆರಳು ಮಾಡಿ ತೋರಿಸಿದಳು. ದೂರದ ಗುಡ್ಡದ ಹೆಗಲ ಮೇಲೆ ಕಲ್ಲಿನ ಒಂಟಿಮನೆ. ಅದರ ಹೆಸರು ಅವರ ಹಳೇ ಭಾಷೆಯದು, ಅದನ್ನು ಹೇಳಹೋಗಿ ನನ್ನ ನಾಲಿಗೆ ತಿರುಚಿಕೊಂಡಿತು. ನಾವು ಮೇಲಿನಮನೆ ಎಂದು ಕರೆದೆವು. ಹಿಂದೆ ಕುರಿ ಸಾಕುವ ಒಕ್ಕಲು ಕುಟುಂಬವೊಂದು ಅಲ್ಲಿತ್ತು. ಜಮೀನಿನ ಧಣಿಗಳು ಅವರನ್ನು ಮನೆ ಬಿಡಿಸಿದ ಮೇಲೆ ಮಾಡು ಬಿದ್ದು, ಕುರಿಗಳೇ ಒಳಗೆ ಮಲಗುತ್ತಿದ್ದವಂತೆ. ಗುಡ್ಡ ಹತ್ತುವವರ ಒಂದು ಸಣ್ಣ ಗುಂಪು ಕಟ್ಟಿಕೊಂಡು, ಗುಡ್ಡದ ಈಗಿನ ಮಾಲಿಕರ ಒಪ್ಪಿಗೆ ಪಡೆದು, ರಜೆ ಸಿಕ್ಕಾಗಲೆಲ್ಲ ಕಲ್ಲು ಮರ ಹೊತ್ತು ಮೂರು ವರ್ಷ ದುಡಿದು ಮಾರ್ಗರೆಟ್ ಅದನ್ನು ರಿಪೇರಿ ಮಾಡಿಸಿದ್ದಳು. ಅಲ್ಲಿ ಹೀಗೆ ಎಷ್ಟೋ ಮನೆಗಳುಂಟಂತೆ. ಬೀಗವಿಲ್ಲ, ಬಾಡಿಗೆಯಿಲ್ಲ, ಕಾವಲಿಲ್ಲ. ನಡೆದು ದಣಿದವರು ಯಾರು ಬೇಕಾದರೂ ಹೋಗಿ ಮಲಗಬಹುದು. ಹೊರಡುವಾಗ ಗುಡಿಸಿ, ಮುಂದೆ ಬರುವವರಿಗೆ ಒಣ ಸೌದೆ ಇಟ್ಟು ಹೋಗಬೇಕು. ಬರುವ ಶನಿವಾರ ಅಲ್ಲಿ ಮೊದಲ ಬೆಂಕಿ ಹಚ್ಚುವುದು ಎಂದು ಗೊತ್ತುಮಾಡಿದ್ದಳು.

ನಾನು ಇದನ್ನೆಲ್ಲ ಕನ್ನಡಕ್ಕೆ ತಂದು ಹೇಳಿದೆ. ಗಿರಿಜಕ್ಕ ಕೇಳಿಸಿಕೊಂಡು, "ಸರಿ. ಯಜಮಾನ್ರು ಯಾರು?" ಎಂದರು.

"ಯಾರೂ ಇಲ್ಲ ಅತ್ತಿಗೆ. ಎಲ್ಲರದ್ದೂ."

"ಯಜಮಾನ್ರಿಲ್ಲದ ಮನೆ ಉಂಟಾ ಮಾರಾಯ್ತಿ? ಅದು ಬಸ್‌ಸ್ಟ್ಯಾಂಡು."

ಇದನ್ನು ನಾನು ಇಂಗ್ಲಿಷಿಗೆ ತರಲಿಲ್ಲ. ಆದರೆ ಮಾರ್ಗರೆಟ್‌ಳ ಮುಖ ತಾನಾಗಿಯೇ ಸಪ್ಪಗಾಗಿತ್ತು. ಚಹಾ ಸೋಸುತ್ತ ಡಂಕನ್ ಎಂಬವರ ವಿಷಯ ಹೇಳಿದಳು. ಮೇಲಿನಮನೆಯಲ್ಲಿ ಹುಟ್ಟಿ ಬೆಳೆದ ಕೊನೆಯ ಮನುಷ್ಯ ಅವರು. ಧಣಿಗಳು ಬಿಡಿಸಿದಾಗ ಹದಿಹರೆಯ. ಈಗ ಮುದುಕರು, ಗುಡ್ಡದ ಬುಡದಲ್ಲೇ ಸಣ್ಣ ಮನೆ ಮಾಡಿಕೊಂಡು ಒಬ್ಬರೇ ಇದ್ದಾರೆ. ನಾಲ್ಕು ಕುರಿ, ಒಂದು ಹಸು, ಒಂದು ನಾಯಿ. ಮಾರ್ಗರೆಟ್ ಚಿಕ್ಕವಳಾಗಿದ್ದಾಗ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಲು ಕಲಿಸಿದವರು ಅವರೇ. ಮೇಲಿನಮನೆಯ ಕೆಲಸ ಶುರುವಾದಂದಿನಿಂದ ಅವಳ ಜೊತೆ ಮಾತು ಬಿಟ್ಟಿದ್ದಾರೆ. ಅಂಗಡಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ.

"ಮನೆ ಮತ್ತೆ ಎದ್ದು ನಿಂತರೆ ಅವರಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ," ಎಂದಳು ಮಾರ್ಗರೆಟ್. "ಶನಿವಾರ ಅವರು ಬಂದು ಒಳಗೆ ಕಾಲಿಡದಿದ್ದರೆ ನಾನು ಅವರ ಮನೆ ಕದ್ದ ಹಾಗೇ ಆಯಿತು. ಆಮೇಲೆ ಆ ಮನೆಗೆ ಯಾರು ಬಂದರೇನು, ನನಗೆ ಅಲ್ಲಿ ನಿದ್ದೆ ಬರುವುದಿಲ್ಲ." ಅವಳು ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಉಳುಕು ತೆಗೆದಾಗ ಕೂಡ ಕೂಗಿದ್ದಳೇ ಹೊರತು ಅತ್ತಿರಲಿಲ್ಲ.

"ಕರ್ದಿದ್ದಾಳಂತಾ?" ಎಂದು ಗಿರಿಜಕ್ಕ ಕೇಳಿದರು.

ಕರೆದಿದ್ದಳು. ಚಂದದ ಕಾರ್ಡು ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸಿದ್ದಳು. ಅಂಗಡಿಯ ಬಾಗಿಲಿಗೂ ಒಂದು ಅಂಟಿಸಿದ್ದಳು. ಗಿರಿಜಕ್ಕ ಹಣೆ ಚಚ್ಚಿಕೊಂಡರು. ನಮ್ಮ ಕಡೆ ಗೃಹಪ್ರವೇಶಕ್ಕೆ, ಅಂದರೆ ಮನೆ ಒಕ್ಕಲಿಗೆ, ಕರೆಯುವುದೆಂದರೆ ಎಷ್ಟು ರಗಳೆ ಎಂದು ನಿಮಗೆ ಗೊತ್ತು. ಹೊಸ್ತಿಲಿಗೇ ಹೋಗಬೇಕು, ಎಲೆ ಅಡಿಕೆ ಇಡಬೇಕು, ಇಂಥ ದಿನ ಬರಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಸಂತೆಯಲ್ಲಿ ಸಿಕ್ಕಾಗ ಕರೆದರೆ ಅದು ಲೆಕ್ಕಕ್ಕಿಲ್ಲ. ದಾರಿಯಲ್ಲಿ ಕರೆಸಿಕೊಂಡವರು ಬರುವುದೂ ಇಲ್ಲ, ಮುಂದಿನ ಹತ್ತು ವರ್ಷ ಆ ಮಾತು ಎತ್ತದೆ ಇರುವುದೂ ಇಲ್ಲ.

ಗುಡ್ಡದ ಬುಡ

ಶುಕ್ರವಾರ ಮಾರ್ಗರೆಟ್ ಮತ್ತು ಅವಳ ಗುಂಪಿನ ಬಡಗಿ ಇಯಾನ್ ಸಾಮಾನು ಹೊತ್ತುಕೊಂಡು ಮುಂಚೆಯೇ ಗುಡ್ಡ ಹತ್ತಿದರು. ನಾವಿಬ್ಬರು ನಿಧಾನಕ್ಕೆ ಬರುವುದು, ರಾತ್ರಿ ಎಲ್ಲರೂ ಮೇಲಿನಮನೆಯಲ್ಲೇ ಉಳಿಯುವುದು ಎಂದು ಮಾತಾಗಿತ್ತು. ದಾರಿ ತಪ್ಪುವ ಹಾಗಿರಲಿಲ್ಲ, ಕಲ್ಲಿನ ಪಾಗಾರ ಹಿಡಿದು ಹೋದರೆ ಸಾಕು. ಜಿನುಗುಮಳೆ. ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಬೂಟು ಹಾಕಿ, ಕೊಪ್ಪೆ ಹೊದ್ದು ಹೊರಟ ಗಿರಿಜಕ್ಕನನ್ನು ಎದುರು ಸಿಕ್ಕ ಚಾರಣಿಗರು ನಿಂತು ನೋಡಿದರು. ಅವರ ಬಣ್ಣಬಣ್ಣದ ಕೋಟುಗಳೊಳಗೆ ನೀರು ಇಳಿದಿತ್ತು, ಕೊಪ್ಪೆಯೊಳಗೆ ಗಿರಿಜಕ್ಕ ಬೆಚ್ಚಗಿದ್ದರು. ಒಬ್ಬಾಕೆ ಅದನ್ನು ಮುಟ್ಟಿ ನೋಡಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದಳು.

ಗುಡ್ಡದ ಬುಡದಲ್ಲಿ ಸುಣ್ಣ ಬಳಿದ ಸಣ್ಣ ಮನೆ ಕಂಡಿತು. ಅಂಗಳದಲ್ಲಿ ಹಸು, ನಾಯಿ. ಡಂಕನ್ನರದೇ ಎಂದು ಕೇಳಬೇಕಾಗಿರಲಿಲ್ಲ.

"ತಡೀ, ಯಜಮಾನ್ರ ಹತ್ರ ಒಂದು ಮಾತು ಕೇಳ್ಕೊಂಡು ಹೋಗಾಣ," ಎಂದು ಗಿರಿಜಕ್ಕ ಅತ್ತ ತಿರುಗಿದರು.

"ಅವರು ಯಜಮಾನರಲ್ಲ ಅತ್ತಿಗೆ! ಮಾರ್ಗರೆಟ್ ಎಷ್ಟು ಸಲ ಹೇಳಿದಳು? ನಾವು ಹೋಗಿ ಇನ್ನೂ ಕೆಡಿಸೋದು ಬೇಡ."

"ಹುಟ್ಟಿದವರು ಯಜಮಾನ್ರಲ್ದೆ ಮತ್ಯಾರು? ಕೇಳ್ದೆ ಹೋಗಿ ಮಲಗ್ಲಿಕ್ಕೆ ನಾವೆಂತ ಕುರಿಯಾ?"

ನಾನು ಕೊಪ್ಪೆ ಹಿಡಿದು ಎಳೆದೆ. ಕೊಪ್ಪೆ ಕೈಗೆ ಬಂತು, ಅತ್ತಿಗೆ ಮುಂದೆ ಹೋದರು.

ಬಾಗಿಲಲ್ಲಿ ಉದ್ದಕ್ಕೆ, ಒಣಕಲಾಗಿ ನಿಂತಿದ್ದ ಡಂಕನ್ನರು ನಮ್ಮನ್ನು ಕಂಡು ನಾಯಿಯನ್ನು ಗದರಿದರು. ಗಿರಿಜಕ್ಕ ಕೈ ಮುಗಿದು ಕನ್ನಡದಲ್ಲಿ ಶುರುಮಾಡಿಯೇಬಿಟ್ಟರು. "ನಾವು ಕಳಸದ ಕಡೆಯವ್ರು. ನಾಳೆ ನಿಮ್ಮ ಮನೆ ಒಕ್ಲಂತೆ. ಇವತ್ತೊಂದು ರಾತ್ರಿ ಅಲ್ಲಿ ಉಳೀಬೇಕೂಂತ ಇದ್ದೇವೆ. ನೀವು ಅಪ್ಪಣೆ ಕೊಡ್ಬೇಕು."

ನಾನು ನಾಚಿಕೆಯಿಂದ ಕುಗ್ಗಿಹೋಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮುದುಕರ ಮುಖ ಗಂಟಾಯಿತು. "ಅದು ನನ್ನ ಮನೆಯಲ್ಲ. ಎಲ್ಲರದ್ದಂತೆ. ಟೀಚರಮ್ಮನನ್ನು ಕೇಳಿ," ಎಂದರು.

"ಎಂತ ಹೇಳಿದ್ರು?"

"ಅವರದಲ್ಲವಂತೆ, ಹೋಗೋಣ ನಡೀರಿ."

ಗಿರಿಜಕ್ಕ ಹೋಗಲಿಲ್ಲ. ಕೈಚೀಲದಿಂದ ಎಲೆ ತೆಗೆದರು. ಅರ್ಧ ಹಳದಿಯಾಗಿದ್ದ ಎಲೆಗಳಲ್ಲಿ ಹಸಿರು ಉಳಿದದ್ದನ್ನು ಆರಿಸಿ, ಅಡಿಕೆ ಕತ್ತರಿಸಿ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಹೆಂಗಸೊಬ್ಬಳು ಅಷ್ಟು ಮರ್ಯಾದೆಯಿಂದ ಕೊಟ್ಟದ್ದನ್ನು ಬೇಡವೆನ್ನಲು ಮುದುಕರಿಗೆ ಮನಸ್ಸಾಗಲಿಲ್ಲ. ತೆಗೆದುಕೊಂಡು ನನ್ನನ್ನು ನೋಡಿದರು. ತಿನ್ನುವುದು ಎಂದು ನಾನೇ ಹೇಳಿದೆ, ಸುಮ್ಮನಿರಬಾರದಿತ್ತೆ! ಅವರು ಅಷ್ಟನ್ನೂ ಬಾಯಿಗೆ ಹಾಕಿಕೊಂಡರು.

ಅಡಿಕೆ ಸೊಕ್ಕುವುದು ಎಂದರೇನೆಂದು ನಮ್ಮವರಿಗೆ ವಿವರಿಸಬೇಕಿಲ್ಲ. ಹುಟ್ಟಿದಾಗಿನಿಂದ ತಿನ್ನುವವರಿಗೇ ಒಮ್ಮೊಮ್ಮೆ ಒಂದು ಹೋಳು ಎದೆ ಹಿಡಿದು, ಬೆವರಿಳಿಸಿ, ಭೂಮಿ ತಿರುಗಿಸಿಬಿಡುತ್ತದೆ. ಎಪ್ಪತ್ತರ ಈ ಮನುಷ್ಯ ಜನ್ಮದಲ್ಲಿ ಮೊದಲ ಸಲ ತಿನ್ನುತ್ತಿದ್ದರು, ಅದೂ ಉಗುಳಿದರೆ ಎದುರಿಗಿದ್ದವರಿಗೆ ಬೇಸರವಾದೀತೆಂದು ನುಂಗುತ್ತಿದ್ದರು. ನೋಡುನೋಡುತ್ತ ಅವರ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಹಣೆಯಲ್ಲಿ ಬೆವರು ಒಡೆಯಿತು. ಗೋಡೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದರು.

ನನ್ನ ಜೀವವೇ ಹೋಯಿತು. ಮಾರ್ಗರೆಟ್ ಯಾರು ಬರಲಿ ಎಂದು ಕಣ್ಣೀರಿಟ್ಟಿದ್ದಳೋ ಅವರನ್ನು ಹಿಂದಿನ ದಿನವೇ ನಾವು ಮುಗಿಸಿದ ಹಾಗಾಯಿತಲ್ಲ! "ಅತ್ತಿಗೆ, ಏನು ಮಾಡಿದಿರಿ?" ಎಂದು ಅರಚಿದೆ.

"ಸೊಕ್ಕಿದೆ, ಅಷ್ಟೇ. ಕೂಗ್ಬೇಡ, ನೀರು ತಾ," ಎಂದರು ಗಿರಿಜಕ್ಕ. ಕಾಲರಿನ ಗುಂಡಿ ಬಿಚ್ಚಿದರು, ಸೆರಗಿನಿಂದ ಗಾಳಿ ಹಾಕಿದರು, ಬಾಯಲ್ಲಿದ್ದದ್ದನ್ನು ಅಂಗೈಗೆ ಉಗುಳಿಸಿಕೊಂಡು ಬೇಲಿಯಾಚೆ ಎಸೆದರು. ನಾನು ಅವರ ಅಡುಗೆಮನೆಗೆ ನುಗ್ಗಿ ನೀರು ತಂದೆ. ಗಿರಿಜಕ್ಕ ಕೈಚೀಲದ ಬೆಲ್ಲ ಕದಡಿ ಕುಡಿಸಿದರು. ನಾಯಿ ನಮ್ಮಿಬ್ಬರ ಸುತ್ತ ಬೊಗಳುತ್ತ ಓಡಿತು.

ಸ್ವಲ್ಪ ಹೊತ್ತಿಗೆ ಮುದುಕರ ಮುಖಕ್ಕೆ ಬಣ್ಣ ಬಂತು. ಕಣ್ಣು ತೆರೆದು, ತನಗೆ ಗಾಳಿ ಹಾಕುತ್ತಿದ್ದ ಗಿರಿಜಕ್ಕನನ್ನೂ ಲೋಟ ಹಿಡಿದು ನಿಂತಿದ್ದ ನನ್ನನ್ನೂ ನೋಡಿದರು. "ನಿಮ್ಮ ಊರಲ್ಲಿ ಇದನ್ನು ದಿನಾ ತಿನ್ನುತ್ತಾರೆಯೇ?" ಎಂದು ಕೇಳಿದರು.

"ಊಟವಾದ ಮೇಲೆಲ್ಲ," ಎಂದೆ.

ಅವರು ನಗಲು ಶುರುಮಾಡಿದರು. ಕೆಮ್ಮು ಬಂದು ಉಸಿರು ಕಟ್ಟುವ ತನಕ ನಕ್ಕರು. ಆಮೇಲೆ ಹೆಗಲ ಮೇಲಿನಿಂದ ಗುಡ್ಡದ ಕಡೆ ತಿರುಗಿ ನೋಡಿ ಗಂಭೀರವಾದರು. "ಮೂರು ವರ್ಷದಿಂದ ಇಲ್ಲಿಂದಲೇ ನೋಡಿದ್ದೇನೆ. ಕಲ್ಲು ಹೋಯಿತು, ಮರ ಹೋಯಿತು, ತಗಡು ಹೋಯಿತು. ಎಲ್ಲರ ಮನೆ, ಎಲ್ಲರ ಮನೆ ಅಂದರು. ಒಬ್ಬರೂ ಬಂದು ನನ್ನನ್ನು ಕೇಳಲಿಲ್ಲ."

ಇದನ್ನು ಗಿರಿಜಕ್ಕನಿಗೆ ಹೇಳಿದೆ. ಅವರು ಗಾಳಿ ಹಾಕುವುದನ್ನು ನಿಲ್ಲಿಸದೆ, "ನಾವು ಕೇಳಿದ್ದೇವಲ್ಲ. ಉಳೀಬಹುದಾ, ಬೇಡ್ವಾ ಕೇಳು," ಎಂದರು.

ಡಂಕನ್ನರು ಗೋಡೆ ಹಿಡಿದು ಎದ್ದು, ಕಾಲರಿನ ಗುಂಡಿ ಹಾಕಿಕೊಂಡರು. ಕೊನೆಗೆ, "ಉಳಿದುಕೊಳ್ಳಿ. ಬಲಗಡೆ ಕೋಣೆಯಲ್ಲಿ ಮಲಗಿ, ಎಡಗಡೆಗೆ ಗಾಳಿ ನುಗ್ಗುತ್ತದೆ," ಎಂದರು.

ಮೇಲಿನಮನೆ

ನಾವು ಹತ್ತಿ ಮುಟ್ಟಿದಾಗ ಮಾರ್ಗರೆಟ್ ಕಿಟಕಿ ಒರೆಸುತ್ತಿದ್ದಳು. ಮನೆ ಚೊಕ್ಕವಾಗಿತ್ತು. ಎರಡು ಕೋಣೆ, ದಪ್ಪ ಕಲ್ಲಿನ ಗೋಡೆ, ಹೊಸ ಹಲಗೆಯ ನೆಲ, ಮಲಗಲು ಉದ್ದನೆಯ ಮರದ ಜಗಲಿ, ಗೋಡೆಯಷ್ಟು ಅಗಲದ ಬೆಂಕಿಗೂಡು. ಸೌದೆಯ ಜೊತೆ ಕರಿ ಇಟ್ಟಿಗೆಯಂಥವು ಒಟ್ಟಿದ್ದವು. ಜೌಗಿನಿಂದ ಕಡಿದು ಒಣಗಿಸಿದ ಮಣ್ಣಂತೆ, ಅದನ್ನೇ ಸುಡುತ್ತಾರೆ. ಕಕ್ಕಸು ಎಲ್ಲಿ ಎಂದು ಕೇಳಿದ್ದಕ್ಕೆ ಇಯಾನ್ ಬಾಗಿಲ ಹಿಂದಿದ್ದ ಒಂದು ಸಲಿಕೆಯನ್ನು ತಂದು ವಿನಯದಿಂದ ನನ್ನ ಕೈಗೆ ಕೊಟ್ಟ. ನಾನು ಅರ್ಥವಾಗದೆ ನಿಂತಿದ್ದೆ. ಹೊರಗೆ ಹೋಗಿ ಗುಂಡಿ ತೋಡಿಕೊಳ್ಳಬೇಕೆಂದು ಗಿರಿಜಕ್ಕನಿಗೆ ಕೂಡಲೇ ಹೊಳೆಯಿತು. "ಇಷ್ಟು ದೂರ ವಿಮಾನದಲ್ಲಿ ಬಂದದ್ದು ಇದಕ್ಕಾ?" ಎಂದು ಬಿದ್ದುಬಿದ್ದು ನಕ್ಕರು.

ಡಂಕನ್ನರ ಮನೆಗೆ ಹೋದದ್ದನ್ನು ನಾನು ಮಾರ್ಗರೆಟ್‌ಗೆ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ. ಅವರು ಬರಬಹುದೇ, ಕಾರ್ಡು ಕೈಗೆ ಸೇರಿರಬಹುದೇ ಎಂದು ಅವಳು ಮತ್ತೆ ಮತ್ತೆ ಕೇಳುವಾಗ ನಾನು ಸಲಿಕೆ ಹಿಡಿದುಕೊಂಡು ಹೊರಗೆ ಹೋಗಿಬಿಡುತ್ತಿದ್ದೆ. ನನ್ನ ಹೊಟ್ಟೆ ಕೆಟ್ಟಿದೆ ಎಂದು ಅವಳು ಮಾತ್ರೆ ಕೊಟ್ಟಳು.

ಶನಿವಾರ ಬೆಳಿಗ್ಗೆಯಿಂದ ಜನ ಬರತೊಡಗಿದರು. ಗುಂಪಿನವರು, ಊರಿನವರು, ಅಂಗಡಿಯಾಕೆ. ಎಲ್ಲರ ಕಣ್ಣೂ ಒಂದೊಂದು ಸಲ ಇಳಿಜಾರಿನ ಕಡೆ ಹೋಗಿ ಬರುತ್ತಿತ್ತು. ಹೊತ್ತಾಯಿತು. ಇನ್ನು ಹಚ್ಚೋಣ ಎಂದು ಯಾರೋ ಅಂದರು. ಮಾರ್ಗರೆಟ್ ಬೆಂಕಿಪೆಟ್ಟಿಗೆ ಹಿಡಿದುಕೊಂಡೇ ನಿಂತಿದ್ದಳು. ಅವಳ ಮುಖ ನೋಡಲು ನನಗಾಗಲಿಲ್ಲ.

ಆಗ ನಾಯಿ ಬೊಗಳಿತು. ಪಾಗಾರದ ಆಚೆ ಇಸ್ತ್ರಿ ಮಾಡಿದ ಕೋಟು, ಟೈ ಹಾಕಿದ ಡಂಕನ್ನರು. ಕೈಯಲ್ಲಿ ಹಾಲಿನ ಕ್ಯಾನು. ಅವರು ಒಳಗೆ ಬರಲಿಲ್ಲ. ಪಾಗಾರದ ಹತ್ತಿರವೇ ನಿಂತು, ಬಾಗಿಲಲ್ಲಿದ್ದ ನನ್ನನ್ನು ಕರೆದು ಕೇಳಿದರು. "ರಾತ್ರಿ ನಿದ್ದೆ ಬಂತೇ? ಮಾಡು ಸೋರಲಿಲ್ಲವಷ್ಟೆ?"

"ಚೆನ್ನಾಗಿ ಬಂತು. ಬಲಗಡೆಯೇ ಮಲಗಿದೆವು," ಎಂದೆ.

"ನನ್ನ ಮಾತಿನ ಮೇಲೆ ಬಂದು ಉಳಿದವರು ನೀವು. ವಿಚಾರಿಸದೆ ಇರುವುದು ಸರಿಯಲ್ಲ. ನಿಮಗೆ ಹಾಲು ತಂದಿದ್ದೇನೆ." ಅಷ್ಟು ಹೇಳಿ ಕ್ಯಾನನ್ನು ಪಾಗಾರದ ಮೇಲಿಟ್ಟರು. ತಿರುಗಿ ಹೋಗುವ ಹಾಗೆ ಕಂಡಿತು.

ಮಾರ್ಗರೆಟ್ ನನ್ನನ್ನು ನೋಡಿದಳು, ಗಿರಿಜಕ್ಕನನ್ನು ನೋಡಿದಳು. ಏನು ನಡೆದಿದೆ ಎಂದು ಅವಳಿಗೆ ಪೂರ್ತಿ ಗೊತ್ತಾಗಿರಲಾರದು, ಆದರೆ ಸಾಕಷ್ಟು ಗೊತ್ತಾಯಿತು. ಅಚ್ಚುಕಟ್ಟಾಗಿ ಬರೆದುಕೊಂಡು ಬಂದಿದ್ದ ಭಾಷಣದ ಹಾಳೆಯನ್ನು ಇಯಾನನ ಕೈಗೆ ತುರುಕಿ ಹೊರಗೆ ಹೋದಳು. ಪಾಗಾರದ ಈಚೆ ಇವಳು, ಆಚೆ ಅವರು. ಶಾಲೆಯಲ್ಲಿ ಮಕ್ಕಳನ್ನು ನಡುಗಿಸುವ ಹೆಂಗಸು, ಆ ಮಕ್ಕಳ ಹಾಗೇ ಕೈಕಟ್ಟಿ ನಿಂತಳು.

"ಡಂಕನ್, ನಾವು ಬೆಂಕಿ ಹಚ್ಚಬಹುದೇ?" ಎಂದಳು.

ಮುದುಕರು ಅವಳನ್ನು ದಿಟ್ಟಿಸಿ ನೋಡಿದರು. "ತಗಡು ಹೊದಿಸುವ ಮೊದಲು ಕೇಳಬೇಕಿತ್ತು," ಎಂದರು.

"ಹೌದು. ಕೇಳಬೇಕಿತ್ತು."

ಡಂಕನ್ನರು ಕ್ಯಾನನ್ನು ಮತ್ತೆ ಕೈಗೆತ್ತಿಕೊಂಡರು. ಪಾಗಾರದ ಗೇಟು ತಳ್ಳಿದರು, ಅವಳನ್ನು ದಾಟಿದರು, ಬಾಗಿಲಲ್ಲಿ ಅಭ್ಯಾಸಬಲದಿಂದ ತಲೆ ತಗ್ಗಿಸಿದರು, ಒಳಗೆ ಬಂದರು. ಜನ ಗೋಡೆಗೆ ಒತ್ತಿ ದಾರಿ ಬಿಟ್ಟರು. ಬೆಂಕಿ ಅವರೇ ಹಚ್ಚಿದರು. ಮೂರು ಕಡ್ಡಿ ಆರಿದವು, ನಾಲ್ಕನೆಯದು ಹತ್ತಿತು. ನಾನೂ ಅತ್ತುಬಿಟ್ಟೆ. ಹೊಗೆ ಎಂದು ಯಾರಿಗೂ ಸುಳ್ಳು ಹೇಳಲಿಲ್ಲ.

ಇನ್ನುಳಿದದ್ದು ಗಿರಿಜಕ್ಕನ ಕೆಲಸ. ಹೊಸ ಒಲೆಯಲ್ಲಿ ಹಾಲು ಉಕ್ಕಿಸದೆ ಬಿಡುವವರೇ? ಪಾತ್ರೆಗೆ ಕುಂಕುಮ ಹಚ್ಚಿ ಹಾಲಿಟ್ಟರು. ಅದು ಉಕ್ಕುವುದು ಶುಭ ಎಂದು ಎಲ್ಲರಿಗೂ ಮೊದಲೇ ಹೇಳಿಬಿಡು ಎಂದು ನನಗೆ ತಾಕೀತು ಮಾಡಿದ್ದರು, ಗಡಿಬಿಡಿಯಲ್ಲಿ ನಾನು ಮರೆತೆ. ಹಾಲು ಮೇಲೇಳುತ್ತಿದ್ದಂತೆ ಅಂಗಡಿಯಾಕೆ "ಅಯ್ಯಯ್ಯೋ" ಎಂದು ಕೂಗಿದಳು, ಇಯಾನ್ ಬಡಗಿಯ ಚುರುಕಿನಿಂದ ಹಾರಿ ಪಾತ್ರೆ ಎತ್ತಿಬಿಟ್ಟ. "ಇಡೋ! ಇಡೋ ಕೆಳಗೆ!" ಎಂದು ಗಿರಿಜಕ್ಕ ಅವನ ಬೆನ್ನಿಗೊಂದು ಕೊಟ್ಟರು. ಕನ್ನಡ ಬಾರದಿದ್ದರೂ ಇಯಾನ್ ಇಟ್ಟ. ಹಾಲು ಉಕ್ಕಿ ಚುಸ್ಸೆಂದು ಬೆಂಕಿಗೆ ಸುರಿಯಿತು, ಗಿರಿಜಕ್ಕ ಕೈ ಮುಗಿದರು, ಹೊಗೆಯಲ್ಲಿ ಎಲ್ಲರೂ ಕೆಮ್ಮಿದರು. ಉಳಿದ ಹಾಲಿಗೆ ನಮ್ಮ ಕಾಫಿ ಡಿಕಾಕ್ಷನ್ ಬೆರೆಸಿ ಹಂಚಿದೆವು. ಡಂಕನ್ನರು ಲೋಟ ಹಿಡಿದು, ಇದನ್ನು ಕುಡಿದರೂ ತಲೆ ತಿರುಗುತ್ತದೆಯೇ ಎಂದು ಮೊದಲು ಕೇಳಿಕೊಂಡರು. ಆಗಷ್ಟೇ ಮಾರ್ಗರೆಟ್‌ಗೆ ಅಡಿಕೆಯ ಕತೆ ಪೂರ್ತಿ ತಿಳಿದದ್ದು.

ನಗು ಇನ್ನೂ ನಿಂತಿರಲಿಲ್ಲ, ಬಾಗಿಲಲ್ಲಿ ಇಬ್ಬರು ಕಾಣಿಸಿಕೊಂಡರು. ಎಲ್ಲಿಂದಲೋ ನಡೆದು ಬಂದ ಗಂಡಹೆಂಡತಿ, ಬೆನ್ನಿಗೆ ಚೀಲ, ಮೊಣಕಾಲ ತನಕ ಕೆಸರು. ಒಳಗಿನ ಜನಸಂದಣಿ ನೋಡಿ ಹಿಂಜರಿದರು. "ಕ್ಷಮಿಸಿ, ಇದು ನಡೆಯುವವರಿಗಿರುವ ಮನೆ ಅಂದುಕೊಂಡಿದ್ದೆವು. ಒಳಗೆ ಬರಬಹುದೇ?" ಎಂದು ಗಂಡ ಕೇಳಿದ.

ಮಾರ್ಗರೆಟ್ ಬಾಯಿ ತೆರೆದಳು. ಇದು ಎಲ್ಲರದ್ದು, ಯಾರನ್ನೂ ಕೇಳಬೇಕಾಗಿಲ್ಲ ಎನ್ನುವುದು ಅವಳಿಗೆ ನಾಲಿಗೆಯ ತುದಿಯಲ್ಲೇ ಇರುವ ಮಾತು. ಆದರೆ ಹೇಳಲಿಲ್ಲ. ಡಂಕನ್ನರ ಕಡೆ ತಿರುಗಿದಳು. ಮನೆಯೊಳಗಿದ್ದವರೆಲ್ಲ ಅವರ ಕಡೆ ತಿರುಗಿದರು.

ಮುದುಕರು ಲೋಟ ಕೆಳಗಿಟ್ಟರು. ಬಂದವರ ಮುಖ ನೋಡಿದರು, ಅವರ ಬೂಟು ನೋಡಿದರು, ಹೊಸ ಹಲಗೆಯ ನೆಲ ನೋಡಿದರು.

"ಬನ್ನಿ ಬನ್ನಿ, ಬೆಂಕಿಯ ಹತ್ತಿರ ಬನ್ನಿ," ಎಂದರು. "ಮೊದಲು ಕಾಲು ಒರೆಸಿಕೊಳ್ಳಿ."

"ಎಂತ ಹೇಳಿದ್ರು?" ಎಂದು ಗಿರಿಜಕ್ಕ ನನ್ನ ಕೈ ತಿವಿದರು. ಹೇಳಿದೆ. ಅವರು ತೃಪ್ತಿಯಿಂದ ತಲೆಯಾಡಿಸಿದರು.

ಮೂರು ವರ್ಷ ಕಲ್ಲು ಮರ ಹೊತ್ತು ಎಬ್ಬಿಸಿದ ಆ ಮನೆಯಲ್ಲಿ ಒಂದು ಕಾಲೊರಸು ಇರಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಬಂದವರು ಎಲ್ಲಿ ಒರೆಸುವುದೆಂದು ತಿಳಿಯದೆ ಒಂಟಿಕಾಲಲ್ಲಿ ನಿಂತರು. ಮಾರ್ಗರೆಟ್ ಓಡಿ ಹೋಗಿ, ಮೈಮೇಲಿದ್ದ ತನ್ನ ಒಳ್ಳೆಯ ಕೋಟನ್ನು ಬಿಚ್ಚಿ ಹೊಸ್ತಿಲಿಗೆ ಹಾಸಿದಳು.